ಚಾದರ್‌ಗೆ ಹೊರಟ ತುಮಕೂರಿನವರಿಗೆ ನದಿ ಐಸಿನ ಲೆಕ್ಕ

ದಸರಾ ಮುಗಿಯುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಚಾದರ್ ಚಾರಣದ ಪೋಸ್ಟರುಗಳು ಓಡಾಡಲು ಶುರು. ಲಡಾಖಿನ ಝನ್ಸ್ಕಾರ್ ನದಿ ಜನವರಿ, ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ನಡೆದು ಹೋಗುವ ಚಾರಣ ಅದು. ತುಮಕೂರು, ಸಿರಾ, ತಿಪಟೂರು ಕಡೆಯ ಹುಡುಗರು ಅಕ್ಟೋಬರ್‌ನಲ್ಲೇ ಮುಂಗಡ ಕಟ್ಟಿ, ವಿಮಾನದ ಟಿಕೆಟ್ ಮಾಡಿಸಿ ಕೂತಿರುತ್ತಾರೆ. ಪೋಸ್ಟರಿನ ಫೋಟೊ ಯಾವ ವರ್ಷದ್ದು ಅಂತ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ. ಜಗತ್ತು ಬಿಸಿಯಾದರೆ ನದಿಯ ಐಸಿಗೆ ಏನಾಗುತ್ತದೆ ಅನ್ನುವ ಪ್ರಶ್ನೆ ಬೇರೆಯವರಿಗೆ ವಿಜ್ಞಾನದ ವಿಷಯ ಇರಬಹುದು, ಇವರ ಪಾಲಿಗೆ ಅದು ಕಾಲಡಿಯ ವಿಷಯ.

ನಮ್ಮ ಕಡೆಯವರಿಗೆ ನದಿಯ ಐಸ್ ಅಂದಾಜಿಗೆ ಸಿಗದಿರುವುದು ಸಹಜ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಶಿಂಷಾ ಎರಡೂ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ತುಮಕೂರಿನ ಜನವರಿ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದರೇ ಮಂಕಿಟೋಪಿ ಹೊರಬರುತ್ತದೆ. ಪ್ರಕೃತಿ ನಮಗೆ ಕೊಡುವ ಐಸ್ ಅಂದರೆ ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಾತ್ರ. ಅದೂ ಚಿಕ್ಕಬಳ್ಳಾಪುರದ ದ್ರಾಕ್ಷಿಗೂ ಶ್ರೀನಿವಾಸಪುರದ ಮಾವಿಗೂ ಕಾಟ ಕೊಡಲಿಕ್ಕೆ. ಹಾಗಾಗಿ "ಮೈನಸ್ 20 ಅಂತೆ, ನದಿ ಕಲ್ಲಾಗಿರುತ್ತೆ ಬಿಡು" ಅನ್ನುವ ಮಾತು ಇಲ್ಲಿ ಸುಲಭವಾಗಿ ನಂಬಿಕೆಯಾಗುತ್ತದೆ. ಮೈನಸ್ 20 ಅನ್ನುವುದು ಒಂದು ರಾತ್ರಿಯ ಕನಿಷ್ಠ ಉಷ್ಣಾಂಶ. ಐಸಿನ ದಪ್ಪಕ್ಕೆ ಬೇಕಾಗುವುದು ವಾರಗಟ್ಟಲೆ ಜಮೆಯಾದ ಚಳಿ. ಈ ಜಮೆಯ ಲೆಕ್ಕವನ್ನು ತುಮಕೂರಿನಲ್ಲಿ ಕೂತೇ ಇಡಬಹುದು. ಅದಕ್ಕೂ ಮುಂಚೆ ನದಿ ಹೇಗೆ ಕಟ್ಟುತ್ತದೆ ಅಂತ ನೋಡಿಬಿಡೋಣ, ಏಕೆಂದರೆ ಅದು ಕೆರೆ ಕಟ್ಟುವ ಹಾಗೆ ಅಲ್ಲ.

ನಿಂತ ನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ಮೇಲ್ಪದರ ಮೊದಲು ಹೆಪ್ಪುಗಟ್ಟುತ್ತದೆ, ತಳದಲ್ಲಿ ಮೀನು ಆರಾಮಾಗಿರುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಹರಿಯುವ ನದಿಯಲ್ಲಿ ಈ ಪದರಗಳು ನಿಲ್ಲುವುದಿಲ್ಲ. ಸೆಳವು ಎಲ್ಲವನ್ನೂ ಕಲಕುವುದರಿಂದ ಮೇಲಿನಿಂದ ತಳದವರೆಗೆ ಇಡೀ ನೀರು ಸೊನ್ನೆಗೆ ಇಳಿಯಬೇಕು. ಇಳಿದ ಮೇಲೂ ಸುಮ್ಮನೆ ಗಟ್ಟಿಯಾಗುವುದಿಲ್ಲ. ಸೊನ್ನೆಗಿಂತ ಒಂದು ಡಿಗ್ರಿಯ ನೂರನೇ ಒಂದೆರಡು ಭಾಗದಷ್ಟು ಕೆಳಗೆ ಜಾರುತ್ತದೆ. ಆಗ ನೀರಿನೊಳಗೆಲ್ಲ ಮಿಲಿಮೀಟರ್ ಗಾತ್ರದ, ಬಿಲ್ಲೆಯಂಥ ಸಣ್ಣ ಹರಳುಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಫ್ರೇಜಿಲ್ ಎನ್ನುತ್ತಾರೆ. ಈ ಹರಳುಗಳು ಏನು ಸಿಕ್ಕರೂ ಅಂಟುತ್ತವೆ: ಒಂದಕ್ಕೊಂದು ಅಂಟಿ ತೇಲುವ ಮುದ್ದೆಯಾಗುತ್ತವೆ, ತಳದ ಕಲ್ಲಿಗೆ ಅಂಟಿ ತಳದ ಐಸಾಗುತ್ತವೆ, ದಡದಿಂದ ಬೆಳೆದು ಬಂದ ಅಂಚಿನ ಐಸಿಗೆ ಅಂಟಿ ಅದನ್ನು ಅಗಲಿಸುತ್ತವೆ. ಎರಡೂ ದಡದ ಅಂಚುಗಳು ಕಿರಿದಾದ ಜಾಗದಲ್ಲಿ ಕೂಡಿಕೊಂಡಾಗ ಸೇತುವೆಯಾಗುತ್ತದೆ, ಮೇಲಿನಿಂದ ತೇಲಿ ಬಂದದ್ದು ಅದರ ಹಿಂದೆ ಒತ್ತರಿಸಿ ನಿಂತು ಹೊದಿಕೆಯಾಗುತ್ತದೆ. ಇಳಿಜಾರು ಹೆಚ್ಚಿರುವ ಕಡೆ ಸೇತುವೆಯೇ ಕೂಡುವುದಿಲ್ಲ. ಅಲ್ಲಿ ಇಡೀ ಚಳಿಗಾಲ ನೀರು ತೆರೆದೇ ಇದ್ದು, ಫ್ರೇಜಿಲ್ ಹುಟ್ಟಿಸಿ ಹುಟ್ಟಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ.

ಝನ್ಸ್ಕಾರ್‌ನಂಥ ವೇಗದ ನದಿಯಲ್ಲಿ ಇವೆಲ್ಲ ಒಂದೇ ಕಿಲೋಮೀಟರಿನೊಳಗೆ ಸಿಗುತ್ತವೆ. ಒಂದು ತಿರುವಿನಲ್ಲಿ ಗಾಜಿನಂಥ ಹಾಸು, ಮುಂದಿನ ತಿರುವಿನಲ್ಲಿ ದಡಕ್ಕೆ ಅಂಟಿದ ಒಂದು ಮಾರು ಅಂಚು, ಅದರ ಪಕ್ಕದಲ್ಲೇ ಕಪ್ಪಗೆ ಹರಿಯುವ ನೀರು. "ನದಿ ಕಟ್ಟಿದೆಯಾ?" ಅನ್ನುವ ಪ್ರಶ್ನೆಗೆ ಅಲ್ಲಿ ಹೌದು, ಇಲ್ಲ ಎಂಬ ಉತ್ತರವಿಲ್ಲ.

ಹಾಸು ಕೂಡಿದ ಮೇಲೆ ಅದು ದಪ್ಪವಾಗುವುದು ಕೆಳಗಿನಿಂದ. ನೀರಿನ ಶಾಖ ಐಸಿನ ಮೂಲಕ ಹಾದು ಮೇಲಿನ ಗಾಳಿಗೆ ಹೋಗಬೇಕು. ಐಸ್ ದಪ್ಪವಾದಷ್ಟೂ ಶಾಖಕ್ಕೆ ದಾರಿ ದೂರ, ಹಾಗಾಗಿ ಬೆಳವಣಿಗೆ ನಿಧಾನ. ಇದೇ ಕಟ್ಟಳೆ ನಮ್ಮೂರಿನ ಐಸ್ ಫ್ಯಾಕ್ಟರಿಯಲ್ಲೂ ನಡೆಯುತ್ತದೆ. ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿದ ತಗಡಿನ ಕ್ಯಾನಿನ ಅಗಲ ದುಪ್ಪಟ್ಟಾದರೆ ಗಡ್ಡೆ ಕಟ್ಟಲು ನಾಲ್ಕು ಪಟ್ಟು ಹೊತ್ತು ಬೇಕು. ಮೀನಿನ ಪೆಟ್ಟಿಗೆಗೆ ಹೋಗುವ ಗಡ್ಡೆಯನ್ನು ಗಮನಿಸಿದರೆ ಇನ್ನೊಂದು ಪಾಠವೂ ಸಿಗುತ್ತದೆ: ಹೊರಭಾಗ ತಿಳಿ, ನಡುವೆ ಹಾಲಿನಂತೆ ಬಿಳುಪು. ನೀರಿನಲ್ಲಿ ಕರಗಿದ್ದ ಗಾಳಿ ಹೊರಹೋಗಲು ಜಾಗ ಸಿಗದೆ ಕೊನೆಗೆ ನಡುವೆ ಸಿಕ್ಕಿಹಾಕಿಕೊಂಡದ್ದು ಅದು. ನದಿಯಲ್ಲೂ ಬಿಳಿ ಐಸ್ ಅಂದರೆ ಗಾಳಿಗುಳ್ಳೆ ತುಂಬಿದ ಐಸ್. ಅಲ್ಲಿ ಅದು ಹೆಚ್ಚಾಗಿ ನೀರು ಕುಡಿದ ಹಿಮ ಮತ್ತೆ ಹೆಪ್ಪುಗಟ್ಟಿ ಆದದ್ದು. ಭಾರದ ಲೆಕ್ಕ ಹಾಕುವಾಗ ಬಿಳಿ ಐಸಿನ ದಪ್ಪವನ್ನು ಅರ್ಧವೆಂದೇ ಹಿಡಿಯುತ್ತಾರೆ.

ಜೋಸೆಫ್ ಸ್ಟೆಫಾನ್ ಎಂಬ ಭೌತವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಧ್ರುವಪ್ರದೇಶದ ಐಸಿನ ಅಳತೆಗಳನ್ನು ಇಟ್ಟುಕೊಂಡು ಈ ಕಟ್ಟಳೆಗೆ ಸೂತ್ರ ಕೊಟ್ಟ. ಇವತ್ತಿಗೂ ನದಿ ಇಂಜಿನಿಯರುಗಳು ಬಳಸುವುದು ಅದರ ಸರಳ ರೂಪವನ್ನೇ: ಜಮೆಯಾದ ಚಳಿಯ ವರ್ಗಮೂಲ ತೆಗೆದು, ಒಂದು ಗುಣಾಂಕದಿಂದ ಗುಣಿಸಿದರೆ ಸೆಂಟಿಮೀಟರಿನಲ್ಲಿ ದಪ್ಪ ಸಿಗುತ್ತದೆ. ಗುಣಾಂಕ ಜಾಗದ ಮೇಲೆ ಹೋಗುತ್ತದೆ. ಗಾಳಿ ಬೀಸುವ, ಹಿಮ ನಿಲ್ಲದ ಸರೋವರಕ್ಕೆ ಸುಮಾರು 2.7, ಹಿಮ ಬೀಳುವ ಸಾಮಾನ್ಯ ನದಿಗೆ 1.3ರಿಂದ 1.7, ಮರೆಯಲ್ಲಿ ವೇಗವಾಗಿ ಹರಿಯುವ ಸಣ್ಣ ಹೊಳೆಗೆ 0.7ರಿಂದ 1.4.

ಚಳಿಯ ಜಮೆ ಅಂದರೆ ಡಿಗ್ರಿ-ದಿನಗಳ ಮೊತ್ತ. ಎಕ್ಸೆಲ್ ಹಾಳೆಯೋ ಅಂಗಡಿ ನೋಟ್‌ಬುಕ್ಕೋ, ಯಾವುದಾದರೂ ಆದೀತು. ಡಿಸೆಂಬರ್ ಮೊದಲ ದಿನದಿಂದ ಲೇಹ್‌ನ ಗರಿಷ್ಠ, ಕನಿಷ್ಠ ಉಷ್ಣಾಂಶವನ್ನು ದಿನವೂ ಬರೆದುಕೊಳ್ಳಿ. ಹವಾಮಾನ ಇಲಾಖೆಯ ದಾಖಲೆ ಅಂತರ್ಜಾಲದಲ್ಲಿ ಸಿಗುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಆ ದಿನದ ಸರಾಸರಿ. ಗರಿಷ್ಠ ಮೈನಸ್ 2, ಕನಿಷ್ಠ ಮೈನಸ್ 16 ಇದ್ದರೆ ಸರಾಸರಿ ಮೈನಸ್ 9, ಅಂದರೆ ಖಾತೆಗೆ 9 ಜಮೆ. ಗರಿಷ್ಠ 4, ಕನಿಷ್ಠ ಮೈನಸ್ 10 ಇದ್ದರೆ 3 ಜಮೆ. ಗರಿಷ್ಠ 6, ಕನಿಷ್ಠ ಮೈನಸ್ 4 ಬಂದರೆ ಸರಾಸರಿ ಸೊನ್ನೆಗಿಂತ 1 ಮೇಲೆ, ಆ ದಿನ 1 ಖರ್ಚು. ಮೊತ್ತ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆಯೆಂದೇ ಬರೆದು ಮತ್ತೆ ಶುರು ಮಾಡಿ. ರಾತ್ರಿಯ ಕನಿಷ್ಠವನ್ನಷ್ಟೇ ನೋಡುವವರು ಮೋಸ ಹೋಗುವುದು ಇಲ್ಲೇ: ಎರಡನೇ ದಿನ ರಾತ್ರಿ ಮೈನಸ್ 10 ಇದ್ದರೂ ಖಾತೆಗೆ ಬಂದದ್ದು ಬರೀ ಮೂರು.

ಕಮರಿಯ ನದಿಗೆ ಗುಣಾಂಕ 1 ಅಂತ ಹಿಡಿಯೋಣ. 10 ಸೆಂ.ಮೀ. ದಪ್ಪಕ್ಕೆ 100 ಡಿಗ್ರಿ-ದಿನ ಬೇಕು, 20 ಸೆಂ.ಮೀ. ದಪ್ಪಕ್ಕೆ 400. ಒಬ್ಬ ಮನುಷ್ಯ ನಡೆಯಲು ತಿಳಿ ಐಸ್ ಕನಿಷ್ಠ 10 ಸೆಂ.ಮೀ. ಇರಬೇಕು ಅನ್ನುವುದು ಉತ್ತರ ಅಮೆರಿಕದ ಸರೋವರಗಳಲ್ಲಿ ರೂಢಿಯ ಮಾತು. ಹರಿಯುವ ನೀರಿನ ಮೇಲೆ ಅದಕ್ಕಿಂತ ಹೆಚ್ಚೇ ಬೇಕು.

ಈಗ ಇದೇ ಖಾತೆಗೆ ಎರಡು ಡಿಗ್ರಿ ಬಿಸಿ ಸೇರಿಸಿ ನೋಡಿ. ಸರಾಸರಿ ಮೈನಸ್ 20 ಇರುವ ಸೈಬೀರಿಯಾದ ಊರಿನಲ್ಲಿ 100 ಡಿಗ್ರಿ-ದಿನ ತುಂಬಲು ಐದು ದಿನ ಸಾಕು. ಮೈನಸ್ 18 ಆದರೆ ಐದೂವರೆ ದಿನ. ಅರ್ಧ ದಿನದ ವ್ಯತ್ಯಾಸ, ಯಾರೂ ಗಮನಿಸುವುದಿಲ್ಲ. ಸರಾಸರಿ ಮೈನಸ್ 5 ಇರುವ ಕಡೆ 20 ದಿನ ಬೇಕಿತ್ತು. ಮೈನಸ್ 3 ಆದರೆ 33 ದಿನ. ಬಿಸಿ ಎರಡೂ ಕಡೆ ಅಷ್ಟೇ, ಒಂದು ಕಡೆ ಹದಿಮೂರು ದಿನ ನಷ್ಟ. ಭಾರದ ಲೆಕ್ಕದಲ್ಲಿ ಇದು ಇನ್ನೂ ಕೆಟ್ಟದು, ಏಕೆಂದರೆ ಐಸ್ ಹೊರುವ ಭಾರ ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಕೆನಡಾದಲ್ಲಿ ಬಳಕೆಯಲ್ಲಿರುವ, ಗೋಲ್ಡ್ ಎಂಬುವವರ ಸೂತ್ರ ಹೀಗಿದೆ: ದಪ್ಪವನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ 3.5ರಿಂದ ಗುಣಿಸಿ, ಬಂದದ್ದು ಕಿಲೋ. ಗುಣಾಂಕ 1.5 ಇರುವ ಸಾಮಾನ್ಯ ನದಿಯಲ್ಲಿ, ಸರಾಸರಿ ಮೈನಸ್ 3ರಂತೆ 60 ದಿನ ಅಂದರೆ 180 ಡಿಗ್ರಿ-ದಿನ, ದಪ್ಪ 20 ಸೆಂ.ಮೀ., ಭಾರ 1,400 ಕಿಲೋ. ಅದೇ 60 ದಿನ ಮೈನಸ್ 1ರಲ್ಲಿ ಕಳೆದರೆ 60 ಡಿಗ್ರಿ-ದಿನ, ದಪ್ಪ ಹನ್ನೊಂದೂವರೆ ಸೆಂ.ಮೀ., ಭಾರ ಸುಮಾರು 470 ಕಿಲೋ. ಸಣ್ಣ ಕಾರು ಹೋಗುತ್ತಿದ್ದ ದಾರಿ ಬೈಕಿನ ದಾರಿಯಾಯಿತು. ಹೋಲಿಕೆಗೆ, 90 ದಿನ ಮೈನಸ್ 10 ಇರುವ ನದಿಯಲ್ಲಿ 45 ಸೆಂ.ಮೀ. ಐಸ್ ಮೈನಸ್ 8ಕ್ಕೆ 40 ಆಗುತ್ತದೆ. ಹೊರುವ ಭಾರದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಕಡಿಮೆ.

ಹಾಗಾಗಿ "ಜಾಗತಿಕ ತಾಪಮಾನ ಇಷ್ಟು ಏರಿತು" ಅನ್ನುವ ಒಂದೇ ಅಂಕಿ ಹಿಡಿದು ಎಲ್ಲ ನದಿಗಳ ಬಗ್ಗೆ ಮಾತಾಡುವುದು ಅರ್ಥವಿಲ್ಲದ್ದು. ಸೊನ್ನೆಯ ಗೆರೆಗೆ ಹತ್ತಿರವಿರುವ ನದಿಗಳು ಮೊದಲು ಸೋಲುತ್ತವೆ. ಮೈನಸ್ 20ರ ನದಿಗಳಿಗೆ ಹೊಡೆತ ಬೀಳುವುದು ಚಳಿಗಾಲದ ಎರಡು ತುದಿಗಳಲ್ಲಿ: ತಡವಾಗಿ ಕಟ್ಟುವುದು, ಬೇಗ ಒಡೆಯುವುದು. ತಡವಾಗಿ ಕಟ್ಟುವುದಕ್ಕೆ ಇನ್ನೊಂದು ಕಾರಣ ನೀರೇ. ಒಂದು ಮೀಟರ್ ಆಳದ ನೀರನ್ನು ಒಂದು ಡಿಗ್ರಿ ತಣಿಸಲು ಹೋಗುವ ಚಳಿಯಲ್ಲಿ ಸುಮಾರು 1.4 ಸೆಂ.ಮೀ. ಐಸ್ ಕಟ್ಟಬಹುದಿತ್ತು. ಶರತ್ಕಾಲ ಬೆಚ್ಚಗಿದ್ದರೆ ಚಳಿಯ ಮೊದಲ ಕಂತೆಲ್ಲ ಈ ಹಳೇ ಸಾಲ ತೀರಿಸುವುದಕ್ಕೇ ಹೋಗುತ್ತದೆ.

ಜಗತ್ತಿನ ದಾಖಲೆಗಳು ಏನು ಹೇಳುತ್ತವೆ ಅಂತ ಕೇಳಿದರೆ, ನದಿಯ ಐಸಿನ ಬಗ್ಗೆ ನಮಗೆ ಆಶ್ಚರ್ಯವಾಗುವಷ್ಟು ಹಳೆಯ ಪುಸ್ತಕಗಳಿವೆ. ಫಿನ್ಲೆಂಡ್, ಸ್ವೀಡನ್ ಗಡಿಯ ಟೋರ್ನೆ ನದಿಯಲ್ಲಿ ಐಸ್ ಒಡೆದ ದಿನವನ್ನು 1693ರಿಂದ ಬರೆದಿಟ್ಟಿದ್ದಾರೆ. ಜಪಾನಿನ ಸುವಾ ಸರೋವರದ ದಾಖಲೆಯನ್ನು ಅಲ್ಲಿನ ಶಿಂಟೋ ಅರ್ಚಕರು 1443ರಿಂದ ಇಟ್ಟುಕೊಂಡು ಬಂದಿದ್ದಾರೆ. ಅಲಾಸ್ಕಾದ ನೆನಾನಾ ಊರಿನಲ್ಲಿ ದಾಖಲೆ ಹುಟ್ಟಿದ್ದು ಜೂಜಿನಿಂದ: ಟನಾನಾ ನದಿಯ ಐಸ್ ಯಾವ ದಿನ, ಯಾವ ನಿಮಿಷ ಒಡೆಯುತ್ತದೆ ಅಂತ 1917ರಲ್ಲಿ ರೈಲ್ವೆ ಇಂಜಿನಿಯರುಗಳು 800 ಡಾಲರ್ ಬಾಜಿ ಕಟ್ಟಿದರು, ಅದು ಪ್ರತಿವರ್ಷದ ಲಾಟರಿಯಾಯಿತು. ಐಸಿನ ಮೇಲೆ ಮರದ ಕಾಲುಗೋಪುರ ನೆಟ್ಟು, ಅದರಿಂದ ದಡದ ಗಡಿಯಾರಕ್ಕೆ ದಾರ ಎಳೆದಿರುತ್ತಾರೆ; ಐಸ್ ಜರುಗಿದರೆ ಗಡಿಯಾರ ನಿಲ್ಲುತ್ತದೆ. ದುಡ್ಡಿನ ವಿಷಯವಾದ್ದರಿಂದ ನಿಮಿಷದ ಲೆಕ್ಕವೂ ಪಕ್ಕಾ! ವಿಜ್ಞಾನಿಗಳಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಪುಕ್ಕಟೆ ಸಿಗುವುದು ಕಷ್ಟ. ಅದರಲ್ಲಿ ಅತಿ ಬೇಗ ಒಡೆದದ್ದು 2019ರ ಏಪ್ರಿಲ್ 14ರಂದು. ಅತಿ ತಡವಾಗಿ ಒಡೆದ ವರ್ಷಗಳಲ್ಲಿ 1964ರ ಜೊತೆಗೆ 2013 ಕೂಡ ಇದೆ, ಎರಡರಲ್ಲೂ ಮೇ 20. ಆರೇ ವರ್ಷದ ಅಂತರದಲ್ಲಿ ಎರಡು ತುದಿಗಳು. ಒಂದು ವರ್ಷ ಐಸ್ ಚೆನ್ನಾಗಿತ್ತು ಅಂತಲೋ, ಒಂದು ವರ್ಷ ಕಟ್ಟಲೇ ಇಲ್ಲ ಅಂತಲೋ ತೀರ್ಪು ಕೊಡುವವರು ಈ ಎರಡು ತಾರೀಖುಗಳನ್ನು ನೆನಪಿಡಬೇಕು.

ಇಂಥ ಏರುಪೇರನ್ನು ದಾಟಿ ನೋಡಬೇಕೆಂದರೆ ಉದ್ದದ ಸಾಲು ಬೇಕು. ಉತ್ತರಾರ್ಧಗೋಳದ ನದಿ, ಸರೋವರಗಳ 1846ರಿಂದ 1995ರವರೆಗಿನ ದಾಖಲೆಗಳನ್ನು ಒಟ್ಟಿಗೆ ಇಟ್ಟಾಗ ಐಸ್ ಕಟ್ಟುವ ದಿನ ನೂರು ವರ್ಷಕ್ಕೆ 5.8 ದಿನದಂತೆ ಮುಂದಕ್ಕೂ, ಒಡೆಯುವ ದಿನ 6.5 ದಿನದಂತೆ ಹಿಂದಕ್ಕೂ ಸರಿದದ್ದು ಕಂಡಿತು. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಲ್ಯಾಂಡ್‌ಸ್ಯಾಟ್ ಉಪಗ್ರಹದ ನಾಲ್ಕು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ನೋಡಿ, ಜಗತ್ತಿನ ನದಿಗಳಲ್ಲಿ ಶೇ. 56ರಷ್ಟಕ್ಕೆ ಐಸಿನ ಸಂಬಂಧವಿದೆ ಅಂದಿತು. ಜಾಗತಿಕ ಸರಾಸರಿ ಉಷ್ಣಾಂಶ ಒಂದು ಡಿಗ್ರಿ ಏರಿದರೆ ನದಿಗಳ ಮೇಲೆ ಐಸ್ ಇರುವ ಅವಧಿ ಸರಾಸರಿ ಆರು ದಿನ ಕಡಿಮೆಯಾಗುತ್ತದೆ ಎಂಬುದು ಅದರ ಲೆಕ್ಕ. ಈ ಆರು ದಿನ ಸರಾಸರಿ ಮಾತ್ರ ಅನ್ನುವುದು ಮೇಲಿನ ಗುಣಾಕಾರ ಮಾಡಿ ನೋಡಿದವರಿಗೆ ಗೊತ್ತಾಗುತ್ತದೆ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ತಪ್ಪು. ಲಂಡನ್ನಿನ ಥೇಮ್ಸ್ ನದಿಯ ಐಸಿನ ಮೇಲೆ ಜಾತ್ರೆ ನಡೆಯುತ್ತಿತ್ತು, ಕೊನೆಯದು 1814ರಲ್ಲಿ. ಆಮೇಲೆ ನಿಂತದ್ದಕ್ಕೆ ಚಳಿ ಕಡಿಮೆಯಾದದ್ದು ಒಂದು ಕಾರಣವಾದರೆ, ಕಿರಿದಾದ ಕಮಾನುಗಳಿಂದ ನೀರನ್ನು ತಡೆದು ನಿಲ್ಲಿಸುತ್ತಿದ್ದ ಹಳೇ ಲಂಡನ್ ಸೇತುವೆಯನ್ನು 1831ರಲ್ಲಿ ಕೆಡವಿದ್ದು ಇನ್ನೊಂದು. ದಡಕ್ಕೆ ಕಟ್ಟೆ ಕಟ್ಟಿ ನದಿಯನ್ನು ಕಿರಿದು ಮಾಡಿದ ಮೇಲಂತೂ ಸೆಳವು ಹೆಚ್ಚಿತು. ಸೈಬೀರಿಯಾದ ಕ್ರಾಸ್ನೋಯಾರ್ಸ್ಕ್ ನಗರದ ಬಳಿ ಯೆನಿಸೇ ನದಿ ಈಗ ಚಳಿಗಾಲದಲ್ಲೂ ಕಟ್ಟುವುದಿಲ್ಲ. ಮೇಲಿನ ಅಣೆಕಟ್ಟೆ ಜಲಾಶಯದ ಆಳದ ಬೆಚ್ಚನೆ ನೀರನ್ನು ಬಿಡುತ್ತಲೇ ಇರುತ್ತದೆ. ಯಾವ ನದಿಯ ಸುದ್ದಿ ಓದಿದರೂ ಮೇಲೆ ಅಣೆಕಟ್ಟೆ ಇದೆಯಾ ಅಂತ ಮೊದಲು ನೋಡುವುದು ಒಳ್ಳೆಯ ಅಭ್ಯಾಸ.

ಬಿಸಿಯಾದರೆ ಐಸ್ ಕಡಿಮೆ, ಹಾಗಾಗಿ ಐಸಿನ ತೊಂದರೆಯೂ ಕಡಿಮೆ ಎಂಬ ಸರಳ ತರ್ಕ ಎರಡು ಕಡೆ ಮುರಿದುಬೀಳುತ್ತದೆ. ಒಂದು, ನೆರೆ. ಚಳಿಗಾಲ ನಿಧಾನವಾಗಿ ಮುಗಿದರೆ ಐಸ್ ನಿಂತಲ್ಲೇ ಕೊಳೆತು ಕರಗುತ್ತದೆ, ಸದ್ದಿಲ್ಲ. ಐಸ್ ಇನ್ನೂ ಗಟ್ಟಿಯಿರುವಾಗಲೇ ಜೋರು ಬಿಸಿಯೋ ಮಳೆಯೋ ಬಂದರೆ ನೀರು ಏರಿ ಹಾಸನ್ನು ಎತ್ತಿ ಒಡೆಯುತ್ತದೆ. ಒಡೆದ ಹೋಳುಗಳು ತಿರುವಿನಲ್ಲೋ ನಡುಗಡ್ಡೆಯ ಬಳಿಯೋ ಸಿಕ್ಕಿ ರಾಶಿ ಬೀಳುತ್ತವೆ, ಹಿಂದೆ ನೀರು ಗಂಟೆಗಳಲ್ಲಿ ಮೀಟರುಗಟ್ಟಲೆ ಏರುತ್ತದೆ. ಉತ್ತರಕ್ಕೆ ಹರಿಯುವ ನದಿಗಳಲ್ಲಿ ಇದು ಹುಟ್ಟುಗುಣ: ದಕ್ಷಿಣದ ಮೇಲ್ಭಾಗ ಮೊದಲು ಕರಗಿ, ಇನ್ನೂ ಗಟ್ಟಿಯಿರುವ ಕೆಳಭಾಗಕ್ಕೆ ಬಂದು ಹೊಡೆಯುತ್ತದೆ. 2001ರ ಮೇ ತಿಂಗಳಲ್ಲಿ ಲೀನಾ ನದಿ ಲೆನ್‌ಸ್ಕ್ ಪಟ್ಟಣವನ್ನು ಮುಳುಗಿಸಿದಾಗ ರಷ್ಯಾ ಯುದ್ಧವಿಮಾನಗಳಿಂದ ಐಸ್ ರಾಶಿಯ ಮೇಲೆ ಬಾಂಬ್ ಹಾಕಿಸಿತು. 2020ರ ಏಪ್ರಿಲ್ ಕೊನೆಯಲ್ಲಿ ಕೆನಡಾದ ಫೋರ್ಟ್ ಮೆಕ್‌ಮರ್ರೆಯಲ್ಲಿ ಇಂಥದೇ ರಾಶಿಯಿಂದ ಸುಮಾರು 13,000 ಜನ ಮನೆ ಬಿಡಬೇಕಾಯಿತು. ಬಿಸಿ ಹೆಚ್ಚಿದಂತೆ ನಡು ಚಳಿಗಾಲದಲ್ಲೇ ಮಳೆ ಬಿದ್ದು ಒಡೆಯುವುದು ಕೆಲವು ಕಡೆ ಹೆಚ್ಚುತ್ತದೆ. ಒಡೆದ ರಾಶಿ ಕರಗುವ ಮುಂಚೆ ಮತ್ತೆ ಚಳಿ ಬಂದರೆ ಅದು ಹಾಗೇ ಬೆಸೆದುಕೊಂಡು, ವಸಂತದ ನೆರೆಗೆ ಮೊದಲೇ ಕಟ್ಟಿಟ್ಟ ಅಡ್ಡಗೋಡೆಯಾಗುತ್ತದೆ.

ಎರಡನೆಯದು ಫ್ರೇಜಿಲ್. ಹಾಸು ಮುಚ್ಚಿದ ನದಿಯಲ್ಲಿ ನೀರು ಗಾಳಿಗೆ ತಾಗುವುದಿಲ್ಲ, ಫ್ರೇಜಿಲ್ ಹುಟ್ಟುವುದಿಲ್ಲ. ಹಾಸು ಅರೆಬರೆಯಾದರೆ ಚಳಿ ಬಿದ್ದ ಪ್ರತಿ ರಾತ್ರಿ ತೆರೆದ ನೀರು ಹರಳು ಹುಟ್ಟಿಸುತ್ತದೆ, ಅದು ಹೋಗಿ ಜಲವಿದ್ಯುತ್ ಕೇಂದ್ರದ, ಕುಡಿಯುವ ನೀರಿನ ಪಂಪ್‌ಹೌಸಿನ ಜಾಲರಿಗೆ ಅಂಟಿ ದಾರಿ ಮುಚ್ಚುತ್ತದೆ. ಅದಕ್ಕೇ ಇಂಜಿನಿಯರುಗಳು ಐಸ್ ಹಾಸನ್ನು ಬೇಕೆಂದೇ ಬೆಳೆಸುತ್ತಾರೆ. ಈರೀ ಸರೋವರದಿಂದ ನಯಾಗರಾ ನದಿ ಹೊರಡುವ ಬಾಯಿಗೆ 1964ರಿಂದ ಪ್ರತಿ ಚಳಿಗಾಲ ತೇಲುವ ಬೇಲಿ ಕಟ್ಟುತ್ತಾರೆ. ನೀರು 4 ಡಿಗ್ರಿಗೆ ಇಳಿದಾಗ, ಇಳಿಯದಿದ್ದರೂ ಡಿಸೆಂಬರ್ 16ರಿಂದ ಆ ಕೆಲಸ ಶುರು. ಸರೋವರದ ಐಸ್ ನದಿಗೆ ನುಗ್ಗದೆ ಹಿಂದೆ ನಿಂತು ಹಾಸಾಗಲಿ ಎಂಬುದು ಉದ್ದೇಶ.

ಮತ್ತೆ ಝನ್ಸ್ಕಾರ್‌ಗೆ. ಅಲ್ಲಿನವರಿಗೆ ಈ ನದಿ ಚಾರಣದ ಜಾಗವಾಗುವ ಎಷ್ಟೋ ಮೊದಲೇ ಹೆದ್ದಾರಿಯಾಗಿತ್ತು. ಕಣಿವೆಯಿಂದ ಹೊರಹೋಗುವ ಬೆಟ್ಟದ ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದಾಗ ಬೆಣ್ಣೆ ಮಾರಲು, ಮಕ್ಕಳನ್ನು ಶಾಲೆಗೆ ಬಿಡಲು ಲೇಹ್‌ಗೆ ಹೋಗುತ್ತಿದ್ದದ್ದು ಇದರ ಮೇಲೆಯೇ. ಗಡಿ ರಸ್ತೆಗಳ ಸಂಸ್ಥೆ ನಿಮ್ಮು, ಪದುಮ್, ದಾರ್ಚಾ ಊರುಗಳನ್ನು ಕೂಡಿಸುವ 298 ಕಿ.ಮೀ. ರಸ್ತೆಯನ್ನು 2024ರ ಮಾರ್ಚ್‌ನಲ್ಲಿ ಜೋಡಿಸಿದ ಮೇಲೆ ಆ ಅವಲಂಬನೆ ಕಡಿಮೆಯಾಗುತ್ತಿದೆ. ಐಸ್ ನಂಬಲಾಗದ ಕಾಲದಲ್ಲಿ ರಸ್ತೆ ಬಂದದ್ದು ಅವರಿಗೆ ಒಳ್ಳೆಯದೇ. ಚಾರಣದ ಪೋಸ್ಟರ್ ಬಣ್ಣಗೆಟ್ಟಿತು ಅಂತ ಕೊರಗುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಹೊರಡುವವರು ಲೇಹ್ ಖಾತೆಯನ್ನು ಹೇಗೆ ಓದಬೇಕು? ಲೇಹ್ ಸುಮಾರು 3,500 ಮೀಟರ್ ಎತ್ತರದ, ಬಿಸಿಲು ಬೀಳುವ ತೆರೆದ ಕಣಿವೆ. ನದಿ ಇರುವುದು ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿ, ಹಗಲಿನ ಬಹುಪಾಲು ನೆರಳಿರುವ ಕಮರಿಯಲ್ಲಿ. ಹಾಗಾಗಿ ಲೇಹ್ ಅಂಕಿಯಿಂದ ಕಮರಿಯ ಐಸಿನ ನಿಜವಾದ ದಪ್ಪ ಬರುವುದಿಲ್ಲ. ಬರುವುದು ಹೋಲಿಕೆ. ಹಿಂದಿನ ಐದಾರು ವರ್ಷಗಳ ಉಷ್ಣಾಂಶವನ್ನೂ ಅದೇ ಹಾಳೆಗೆ ತುಂಬಿ, ಜನವರಿ 10ರ ಹೊತ್ತಿಗೆ ಪ್ರತಿ ವರ್ಷ ಎಷ್ಟು ಡಿಗ್ರಿ-ದಿನ ಜಮೆಯಾಗಿತ್ತು ನೋಡಿ. ಈ ವರ್ಷದ ಮೊತ್ತ ಅವುಗಳ ಪೈಕಿ ಕೆಳಗಿನ ಸಾಲಿನಲ್ಲಿದ್ದರೆ ಆಯೋಜಕರಿಗೆ ಫೋನ್ ಮಾಡಿ ಖಾರವಾಗಿಯೇ ಪ್ರಶ್ನೆ ಕೇಳಿ: ಎಲ್ಲಿಯವರೆಗೆ ಹಾಸು ಕೂಡಿದೆ, ಎಲ್ಲಿ ಬಂಡೆ ಹತ್ತಿ ದಾಟಿಸುತ್ತಿದ್ದೀರಿ, ಎಲ್ಲಿ ನೀರಿಗಿಳಿಸುತ್ತಿದ್ದೀರಿ. "ಎಲ್ಲ ಚೆನ್ನಾಗಿದೆ ಸರ್" ಅನ್ನುವುದು ಉತ್ತರವಲ್ಲ.

ಖಾತೆ ತುಂಬಿದ್ದರೂ ಐಸ್ ತೆಳುವಿರಲು ಕಾರಣ ಹಿಮ. ಶಾಖ ಐಸಿನ ಮೂಲಕ ಸುಲಭವಾಗಿ ಹಾಯುತ್ತದೆ, ಹಿಮದ ಮೂಲಕ ಹಾಯುವುದಿಲ್ಲ, 10 ಸೆಂ.ಮೀ. ಕುಳಿತ ಹಿಮ 80-90 ಸೆಂ.ಮೀ. ಐಸಿನಷ್ಟು ತಡೆ ಒಡ್ಡುತ್ತದೆ. ಮೊದಲ ವಾರವೇ ದೊಡ್ಡ ಹಿಮ ಬಿದ್ದರೆ ಆಮೇಲೆ ಎಷ್ಟೇ ಚಳಿ ಬಂದರೂ ಐಸ್ ಕಂಬಳಿಯ ಕೆಳಗೆ ಬೆಳೆಯದೆ ಮಲಗುತ್ತದೆ. ಹಿಮದ ಭಾರದ ಪ್ರಶ್ನೆಯೂ ಇದೆ. ಐಸ್ ನೀರಿಗಿಂತ ಹಗುರ ಇರುವುದು ಸ್ವಲ್ಪವೇ. 30 ಸೆಂ.ಮೀ. ಹಾಸು ಚದರ ಮೀಟರಿಗೆ ಸುಮಾರು 25 ಕಿಲೋ ಹೊತ್ತು ತೇಲಬಲ್ಲದು, ಅದು 10 ಸೆಂ.ಮೀ. ಕುಳಿತ ಹಿಮದ ತೂಕ. ಐಸಿನ ದಪ್ಪದ ಮೂರನೇ ಒಂದಕ್ಕಿಂತ ಹೆಚ್ಚು ಹಿಮ ಬಿದ್ದಿದ್ದರೆ ಬಿರುಕಿನಿಂದ ನೀರು ಮೇಲಕ್ಕೆ ಉಕ್ಕಿ ಹಿಮದಡಿಯಲ್ಲಿ ನಿಂತಿರುತ್ತದೆ. ಮೇಲೆ ಒಣ ಹಿಮ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲುದ್ದ ಕೆಸರು. ತಳದ ಐಸ್ ಬೆಳೆದು ನದಿಗೆ ಅಡ್ಡಕಟ್ಟೆಯಾದಾಗಲೂ ನೀರು ಹೀಗೇ ಉಕ್ಕುತ್ತದೆ. ಚಾದರ್‌ನಲ್ಲಿ ದುಬಾರಿ ಚಾರಣದ ಶೂಗಿಂತ ರಬ್ಬರಿನ ಗಮ್ ಬೂಟಿಗೆ ಮರ್ಯಾದೆ ಇರುವುದು ಇದಕ್ಕೇ. ಗಮ್ ಬೂಟ್ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಎರಡು ಜೊತೆ ಉಣ್ಣೆ ಕಾಲುಚೀಲ ಸಡಿಲವಾಗಿ ಹಿಡಿಸಬೇಕು. ಬಿಗಿಯಾದರೆ ರಕ್ತ ಓಡದೆ ಬೆರಳಿಗೆ ಹಿಮಕಡಿತ.

ಐಸಿನ ಮೇಲೆ ನಿಂತಾಗ ಬಣ್ಣ, ಸದ್ದು ಎರಡೂ ಮಾತಾಡುತ್ತವೆ. ನೀಲಿ ಅಥವಾ ಕಪ್ಪು ಕಾಣುವ ತಿಳಿ ಐಸ್ ಗಟ್ಟಿ, ಬಿಳಿ ಅದರ ಅರ್ಧ, ಬೂದಿ ಬಣ್ಣ ಅಂದರೆ ಒಳಗೆ ನೀರಿದೆ, ಆ ಕಡೆ ಬೇಡ. ಕೋಲಿನಿಂದ ಕುಟ್ಟಿದಾಗ ಟೊಳ್ಳು ಸದ್ದು ಬಂದರೆ ಕೆಳಗೆ ನೀರೇ ಇಳಿದುಹೋಗಿದೆ ಅಂತ ಅರ್ಥ. ಚಳಿಗಾಲ ಮುಂದುವರಿದಂತೆ ನದಿಯ ಹರಿವು ತಗ್ಗುತ್ತದೆ, ದಡಕ್ಕೆ ಅಂಟಿದ ಐಸ್ ಮಾತ್ರ ಮೇಲೆಯೇ ಉಳಿಯುತ್ತದೆ. ತೇಲುವ ಐಸಿಗೆ ನೀರಿನ ಆಸರೆ ಇರುತ್ತದೆ, ಈ ಚಾಚಿಗೆ ಇಲ್ಲ, ಅದೇ ದಪ್ಪದಲ್ಲೂ ಬೇಗ ಮುರಿಯುತ್ತದೆ. ತಿರುವಿನ ಹೊರಬದಿ, ಉಪನದಿ ಕೂಡುವ ಬಾಯಿ, ನೀರಿನಿಂದ ತಲೆ ಎತ್ತಿದ ಬಂಡೆಯ ಸುತ್ತ, ಬುಗ್ಗೆ ಬರುವ ಜಾಗ, ಇಲ್ಲೆಲ್ಲ ಸೆಳವು ಅಥವಾ ತುಸು ಬೆಚ್ಚನೆ ನೀರು ಕೆಳಗಿನಿಂದ ಕೊರೆಯುತ್ತಿರುತ್ತದೆ. ಮಾರ್ಗದರ್ಶಿ ನಡೆದ ಹೆಜ್ಜೆಯಲ್ಲೇ ನಡೆಯಿರಿ, ನಡುವೆ ಐದಾರು ಮೀಟರ್ ಅಂತರ ಬಿಡಿ. ಗುಂಪಾಗಿ ನಿಂತು ಸೆಲ್ಫಿ ತೆಗೆದರೆ ಎಂಟು ಜನರ ಭಾರ ಒಂದೇ ಜಾಗದ ಮೇಲೆ ಬೀಳುತ್ತದೆ. ಹೆಜ್ಜೆ ಚಿಕ್ಕದಿರಲಿ, ಪಾದ ಚಪ್ಪಟೆಯಾಗಿ ಬೀಳಲಿ, ಹಿಮ್ಮಡಿ ಊರಿದರೆ ಜಾರುವುದು ಖಂಡಿತ.

ಐಸ್ ಒಡೆದು ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರುವುದಷ್ಟೇ ಕೆಲಸ. ತಣ್ಣೀರಿನ ಆಘಾತಕ್ಕೆ ಏದುಸಿರು ತಾನಾಗಿ ಬರುತ್ತದೆ, ಆಗ ಬಾಯಿ ನೀರಿನೊಳಗಿರಬಾರದು. ಕೈಕಾಲು ಮಾತು ಕೇಳುವುದು ಹೆಚ್ಚೆಂದರೆ ಹತ್ತು ನಿಮಿಷ. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ನಿಮ್ಮನ್ನು ಹೊತ್ತಿದ್ದ ಐಸ್ ಇರುವುದು ಆ ಕಡೆಯೇ. ಮೊಣಕೈ ಮೇಲಿಟ್ಟು, ಕಾಲು ಹಿಂದಕ್ಕೆ ಬಡಿದು ಹೊಟ್ಟೆಯ ಮೇಲೆ ಜಾರಿ ಹತ್ತಿ, ಎದ್ದು ನಿಲ್ಲದೆ ಉರುಳಿಕೊಂಡು ದೂರ ಹೋಗಿ. ಕೆರೆಗೂ ನದಿಗೂ ಇಲ್ಲಿ ವ್ಯತ್ಯಾಸವಿದೆ: ನದಿಯ ಸೆಳವು ಹಾಸಿನ ಕೆಳಗೆ ಎಳೆಯುತ್ತದೆ. ತೆರೆದ ನೀರಿನ ಅಂಚಿನಲ್ಲಿ ದಾಟುವಾಗ ಬೆನ್ನಿನ ಚೀಲದ ಸೊಂಟಪಟ್ಟಿ ಬಿಚ್ಚಿರಬೇಕು. ಒಣ ಬಟ್ಟೆಯ ಒಂದು ಪೂರ್ತಿ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮೇಲ್ಗಡೆಯೇ ಇಟ್ಟಿರಬೇಕು.

ಕೊನೆಗೆ ತಾರೀಖಿನ ಮಾತು. ಫೆಬ್ರವರಿ ಎರಡನೇ ವಾರದ ಬ್ಯಾಚ್ ಅಗ್ಗಕ್ಕೆ ಸಿಗಬಹುದು. ಆ ಹೊತ್ತಿಗೆ ಡಿಗ್ರಿ-ದಿನದ ಮೊತ್ತ ಜನವರಿಗಿಂತ ಹೆಚ್ಚೇ ಇರುತ್ತದೆ, ಆದರೆ ಬಿಸಿಲೂ ಏರಿರುತ್ತದೆ. ತಿಳಿ ಐಸಿನೊಳಗೆ ಇಳಿದ ಬೆಳಕು ಹರಳುಗಳು ಕೂಡುವ ಗೆರೆಗಳಲ್ಲೇ ಕರಗಿಸಲು ಶುರು ಮಾಡುತ್ತದೆ. ಕ್ರಮೇಣ ಹಾಸು ನಿಂತ ಕಡ್ಡಿಗಳ ಕಟ್ಟಿನಂತೆ ಸಡಿಲವಾಗುತ್ತದೆ. ಅಳತೆಯಲ್ಲಿ 30 ಸೆಂ.ಮೀ. ಇದ್ದರೂ ಭಾರಕ್ಕೆ ಆಗದು. ದಪ್ಪದ ಸೂತ್ರಗಳೆಲ್ಲ ಈ ಹಂತದಲ್ಲಿ ಕೆಲಸಕ್ಕೆ ಬರುವುದಿಲ್ಲ. ಜನವರಿ ಕೊನೆಯ ಎರಡು ವಾರಗಳ ಬ್ಯಾಚ್ ಹಿಡಿಯುವುದು, ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಬಿಡಾರ ಸೇರುವುದು ಮೇಲು. 800 ಮೀಟರಿನ ತುಮಕೂರಿನಿಂದ ಒಂದೇ ದಿನದಲ್ಲಿ ವಿಮಾನದಲ್ಲಿ ಲೇಹ್ ತಲುಪುವವರಿಗೆ ಎತ್ತರಕ್ಕೆ ಒಗ್ಗಿಕೊಳ್ಳಲು, ಕಡ್ಡಾಯದ ವೈದ್ಯಕೀಯ ತಪಾಸಣೆಗೆ ಮೂರು ದಿನ ಬೇಕು. ಅದರ ಮೇಲೆ, ನದಿ ಒಡೆದು ದಾರಿ ನಿಂತರೆ ಕಾಯಲು ಎರಡು ದಿನ ಕೈಯಲ್ಲಿರಲಿ. ಮುಂಗಡ ಕಟ್ಟುವ ಮುಂಚೆ, ಐಸ್ ಕಟ್ಟದೆ ಚಾರಣ ರದ್ದಾದರೆ ಎಷ್ಟು ಹಣ ವಾಪಸ್ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ವಿಮಾನದ ಟಿಕೆಟನ್ನು ತಾರೀಖು ಬದಲಿಸಬಹುದಾದ ದರದಲ್ಲೇ ಮಾಡಿಸಿ.